ಹುಲಿಗೆವ್ವನ ಕಂಬದ ನಾಲ್ಕು ಬೇರು

ಬರ್ರಿ, ಬರ್ರಿ. ಕೈ ತೊಳಕೊಂಡ್ರಾ? ಬಾಯಿ ಒರೆಸಿಕೊಂಡ್ರಾ? ಹಾಸಿಗೆ ಮೇಲೆ ಕುಣಿಯಬೇಡ್ರಿ. ಕತೆ ಬೇಕಂದ್ರೆ ಕಾಲು ಮಡಚಬೇಕು, ಹೂಂ ಅನ್ನಬೇಕು. ಹೂಂ ಅನ್ನಲಿಲ್ಲ ಅಂದ್ರೆ ಕತೆ ನಡುಹೊಳೆಯಲ್ಲೇ ನಿಂತುಬಿಡುತ್ತದೆ. ಆಮೇಲೆ ನನ್ನ ಬೈಯಬೇಡ್ರಿ.

ಒಂದು ಹೊಳೆ ಇತ್ತು. ಹೊಳೆಯ ನಡುವೆ ಒಂದು ಗಡ್ಡೆ ಇತ್ತು. ಗಡ್ಡೆಯ ಮೇಲೆ ಒಂದು ಊರಿತ್ತು. ಆಚೆಗೂ ನೀರು, ಈಚೆಗೂ ನೀರು. ಆ ಊರಲ್ಲಿ ಹುಲಿಗೆವ್ವ ಇದ್ದಳು. ಹುಲಿಗೆವ್ವನಿಗೆ ಒಬ್ಬಳೇ ಮಗಳು. ಅವಳ ಹೆಸರು ಸಣ್ಣಿ.

ಗಡ್ಡೆಯಲ್ಲಿ ಶಾಲೆ ಇರಲಿಲ್ಲ. ಶಾಲೆ ಆಚೆ ದಡದಲ್ಲಿತ್ತು. ಹೊಳೆ ಸಣ್ಣದಿದ್ದಾಗ ಸಣ್ಣಿ ಹರಿಗೋಲು ಹತ್ತಿ ಹೋಗುತ್ತಿದ್ದಳು, ಹರಿಗೋಲು ಹತ್ತಿ ಬರುತ್ತಿದ್ದಳು. ಮಳೆಗಾಲ ಬಂತು, ಹೊಳೆ ತುಂಬಿತು, ಹರಿಗೋಲು ನಿಂತಿತು. ಸಣ್ಣಿ ಆಚೆ ದಡದಲ್ಲೇ ಉಳಿದಳು, ಸೋದರಮಾವ ಅಮರಪ್ಪನ ಮನೆಯಲ್ಲಿ. ಅವ್ವ ಈಚೆ, ಮಗಳು ಆಚೆ, ನಡುವೆ ಕೆಂಪು ನೀರು.

ಈ ಅಮರಪ್ಪನಿಗೆ ಒಂದು ಹುಚ್ಚು. ಹ್ಯಾಮ್ ರೇಡಿಯೊ ಹುಚ್ಚು. ಅದು ಹಾಡು ಹಾಡುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ತಂಗಿ ಹುಲಿಗೆವ್ವನಿಗೂ ಆ ಹುಚ್ಚು ಹಚ್ಚಿದ. ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಇಬ್ಬರೂ ಪರೀಕ್ಷೆಗೆ ಕೂತರು. ಇಬ್ಬರೂ ಪಾಸಾದರು. ಅಣ್ಣ ತಂಗಿಗೆ ಒಂದು ಪೆಟ್ಟಿಗೆ ಕೊಟ್ಟ. ಗುಂಡಿ ಒತ್ತಿದರೆ ಮಾತು ಹೋಗುತ್ತದೆ. ಗುಂಡಿ ಬಿಟ್ಟರೆ ಮಾತು ಬರುತ್ತದೆ. ಮಾತು ಮುಗಿದಾಗ ‘ಓವರ್’ ಅನ್ನಬೇಕು. ಅಷ್ಟೇ.

ಆದರೆ ಪೆಟ್ಟಿಗೆ ಒಂದಿದ್ದರೆ ಸಾಲದು. ಮಾತು ಹಾರಲಿಕ್ಕೆ ಆಂಟೆನಾ ಬೇಕು. ಹುಲಿಗೆವ್ವ ಅದನ್ನು ತಾನೇ ಕಟ್ಟಿದಳು. ಉದ್ದನೆಯ ಬಿದಿರಿನ ಗಳ ತಂದಳು. ತುದಿಯಿಂದ ಬುಡದ ತನಕ ತಾಮ್ರದ ತಂತಿ ಬಿಗಿದಳು. ಹಿತ್ತಲಲ್ಲಿ ಕುಣಿ ತೋಡಿದಳು. ಗಳ ನೆಟ್ಟಗೆ ನಿಲ್ಲಿಸಿದಳು. ಬುಡಕ್ಕೆ ಕಲ್ಲು ತುಂಬಿದಳು. ಆಮೇಲೆ ಇನ್ನೂ ನಾಲ್ಕು ತಂತಿ ತಗೊಂಡಳು. ಕಂಬದ ಬುಡದಿಂದ ನಾಲ್ಕು ದಿಕ್ಕಿಗೆ ಹರಡಿದಳು. ಒಂದು ಮೂಡಣಕ್ಕೆ. ಒಂದು ಪಡುವಣಕ್ಕೆ. ಒಂದು ತೆಂಕಣಕ್ಕೆ. ಒಂದು ಬಡಗಣಕ್ಕೆ. ಮೇಲೆ ತೆಳ್ಳಗೆ ಮಣ್ಣು ಎಳೆದಳು.

“ಇವು ಕಂಬದ ಬೇರು,” ಅಂದಳು. “ಬೇರಿಲ್ಲದ ಗಿಡ ಕಾಯಿ ಬಿಡಂಗಿಲ್ಲ. ಬೇರಿಲ್ಲದ ಕಂಬ ಮಾತಾಡಂಗಿಲ್ಲ.”

ದಿನಾ ದೀಪ ಹಚ್ಚುವ ಹೊತ್ತಿಗೆ ಸಣ್ಣಿ ಆಚೆಯಿಂದ ಕರೆಯುತ್ತಿದ್ದಳು.

“ಅವ್ವಾ, ಕೇಳ್ತೈತೇನು? ಓವರ್.”

“ಕೇಳ್ತೈತಿ ಮಗಳ. ಓವರ್.”

ಆಮೇಲೆ ಸಣ್ಣಿ ಉಣ್ಣುತ್ತಿದ್ದಳು. ಅವ್ವನ ದನಿ ಕೇಳದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅಮರಪ್ಪ ಹೊಳೆಯ ಸುದ್ದಿ ಹೇಳುತ್ತಿದ್ದ. ಮೇಲೆ ಆಣೆಕಟ್ಟಿನ ಬಾಗಿಲು ತೆಗೆದರಾ? ಮುಚ್ಚಿದರಾ? ನಾಳೆ ಹೊಳೆ ಏರುತ್ತದಾ? ಇಳಿಯುತ್ತದಾ? ಊರಿಗೆ ಊರೇ ಹುಲಿಗೆವ್ವನ ಬಾಗಿಲಲ್ಲಿ ನಿಂತು ಕೇಳುತ್ತಿತ್ತು. ಬಿಟ್ಟಿ ಸುದ್ದಿ. ಕೇಳಿ, ಸೆರಗು ಝಾಡಿಸಿಕೊಂಡು ಮನೆಗೆ ಹೋಗುತ್ತಿತ್ತು.

ಒಂದು ದಿನ ಹೊಳೆ ಏರಿತು. ಹುಲಿಗೆವ್ವನ ಹಿತ್ತಲಿಗೆ ಬಂತು. ಮಣ್ಣು ತೊಳೆಯಿತು. ನಾಲ್ಕೂ ಬೇರು ಕಿತ್ತಿತು. ಒಯ್ಯಲಿಲ್ಲ. ದಡದ ಮೇಲೆ ಎಸೆದು ಇಳಿದು ಹೋಯಿತು.

ಈಗ ಕೇಳ್ರಿ, ಆ ಊರಲ್ಲಿ ಒಂದು ಪದ್ಧತಿ. ಹೊಳೆ ಕೊಟ್ಟದ್ದು ಎತ್ತಿದವರದು. ಕಟ್ಟಿಗೆ ಬರಲಿ, ಕೊಡ ಬರಲಿ, ಕುಂಬಳಕಾಯಿ ತೇಲಿ ಬರಲಿ, ಎತ್ತಿದವರದು. ನನ್ನದು ಅಂತ ಯಾರೂ ಕೇಳುವ ಹಾಗಿಲ್ಲ.

ನಸುಕಿಗೆ ಸೂಗಮ್ಮ ದಡಕ್ಕೆ ಹೋದಳು. ಹೊಳೆ ಏನು ಕೊಟ್ಟಿದೆ ಅಂತ ನೋಡಿದಳು. ನಾಲ್ಕು ತಂತಿ ಕಂಡಳು. ಹುಲಿಗೆವ್ವನವು ಅಂತ ಗೊತ್ತಿತ್ತು. ಗೊತ್ತಿರದೆ ಏನು! ಆದರೆ ಕಂಬ ನೆಟ್ಟಗೇ ನಿಂತಿತ್ತಲ್ಲ. ನಿಂತದ್ದು ಮಾತಾಡುತ್ತದೆ, ನೆಲಕ್ಕೆ ಬಿದ್ದದ್ದು ಯಾರಿಗೆ ಬೇಕು ಅಂದುಕೊಂಡಳು. ಎತ್ತಿದಳು. ನಾಲ್ಕನ್ನೂ ಹೊಸೆದಳು. ಕರುವಿನ ಕೊರಳಿಗೆ ಕಟ್ಟಿದಳು.

ಸಂಜೆ ಆಯಿತು. ದೀಪ ಹಚ್ಚುವ ಹೊತ್ತಾಯಿತು.

“ಅವ್ವಾ, ಕೇಳ್ತೈತೇನು? ಓವರ್.”

“ಕೇಳ್ತೈತಿ ಮಗಳ. ಓವರ್.”

“ಅವ್ವಾ, ಕೇಳ್ತೈತೇನು? ಓವರ್.”

“ಕೇಳ್ತೈತಿ, ಕೇಳ್ತೈತಿ! ಓವರ್.”

“ಅವ್ವಾ... ಅವ್ವಾ... ಮಾವಾ, ಅವ್ವ ಮಾತಾಡವಲ್ಲಳು.”

ಅಯ್ಯೋ ಶಿವನೇ. ಮಗಳ ದನಿ ಅವ್ವನಿಗೆ ಬಂತು. ಅವ್ವನ ದನಿ ಮಗಳಿಗೆ ಹೋಗಲಿಲ್ಲ. ಬೇರು ಹೋದ ಕಂಬ ಕೇಳಿಸುತ್ತಿತ್ತು, ಹೇಳುತ್ತಿರಲಿಲ್ಲ. ಕಂಬ ಸತ್ತಿತು ಅಂತ ಬಾಗಿಲಲ್ಲಿ ನಿಂತಿದ್ದ ಊರು ಮನೆಗೆ ಹೋಯಿತು, ಆಮೇಲೆ ಅಮರಪ್ಪನ ದನಿ ಬಂತು. ತಂಗೀ, ನಿನ್ನ ದನಿ ಇಲ್ಲ, ಆದರೂ ಹೇಳುತ್ತೇನೆ ಅಂದ. ಮೇಲೆ ಬಾಗಿಲು ಮುಚ್ಚಿದ್ದಾರೆ, ಹೊಳೆ ಇಳಿಯುತ್ತದೆ ಅಂದ. ನಾಳೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕರೆಯುತ್ತೇವೆ ಅಂದ. ಹಿಂದೆ ತಾಟು ಸರಿಸಿದ ಸಪ್ಪಳ ಕೇಳಿತು.

“ಅವ್ವ ಮಾತಾಡೋ ತನಕ ನಾ ಉಣ್ಣಂಗಿಲ್ಲ,” ಅಂದಳು ಸಣ್ಣಿ.

ಹುಲಿಗೆವ್ವನಿಗೂ ತುತ್ತು ಬೇಡವಾಯಿತು. ತನ್ನ ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟಳು. ಮಗಳು ಉಪವಾಸ. ಅವ್ವನೂ ಉಪವಾಸ.

ಬೆಳಗಾಯಿತು. ಮಣ್ಣಿನ ಕೆಳಗಿನ ಬೇರು ಹೋದದ್ದು ಹುಲಿಗೆವ್ವನಿಗೆ ಆಗ ಗೊತ್ತಾಯಿತು, ಹುಡುಕಿದಳು. ಹಿತ್ತಲಲ್ಲಿಲ್ಲ. ದಡದಲ್ಲಿಲ್ಲ. ಸೂಗಮ್ಮನ ಕರುವಿನ ಕೊರಳಲ್ಲಿ ತಾಮ್ರ ಮಿಂಚಿತು. ಸೂಗಮ್ಮ ಒಲೆ ಮುಂದೆ ಬಿಸಿ ರೊಟ್ಟಿ ತಿನ್ನುತ್ತಿದ್ದಳು.

“ಸೂಗಮ್ಮಕ್ಕಾ, ಸೂಗಮ್ಮಕ್ಕಾ, ನನ್ನ ತಂತಿ ಕೊಡು.
ನೀ ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ಸೂಗಮ್ಮ ರೊಟ್ಟಿ ಮುರಿದಳು. ಹೊಳೆ ಕೊಟ್ಟದ್ದು ಎತ್ತಿದವರದು ಅಂದಳು. ಕರುವಿಗೆ ಬೇರೆ ಕಣ್ಣಿ ತಂದುಕೊಡು, ತಂತಿ ಕೊಡುತ್ತೇನೆ ಅಂದಳು. ರೊಟ್ಟಿ ತಿಂದಳು. ಉಂಡೀ ಏನವ್ವಾ ಅನ್ನಲಿಲ್ಲ.

ಹುಲಿಗೆವ್ವ ಮಾರೆಪ್ಪನ ಮನೆಗೆ ಹೋದಳು. ಮಾರೆಪ್ಪ ಹಗ್ಗ ಹೊಸೆಯುವವನು. ಕಣ್ಣಿ ಅಂದರೆ ದನ ಕಟ್ಟುವ ಹಗ್ಗ. ಮಾರೆಪ್ಪನ ಕಣ್ಣಿ ಅಂದರೆ ಗೂಳಿಯೂ ಹರಿಯಲಾರದು. ಅವನು ಕಟ್ಟೆಯ ಮೇಲೆ ಅಂಬಲಿ ಕುಡಿಯುತ್ತಿದ್ದ.

“ಮಾರೆಪ್ಪ ಮಾವಾ, ಮಾರೆಪ್ಪ ಮಾವಾ, ಒಂದು ಕಣ್ಣಿ ಕೊಡು.
ನೀ ಕಣ್ಣಿ ಕೊಟ್ಟರ ಸೂಗಮ್ಮಕ್ಕ ತಂತಿ ಕೊಡ್ತಾಳ.
ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ಮಾರೆಪ್ಪ ಸುರ್ ಅಂತ ಕುಡಿದ. ನಾರಿಲ್ಲದೆ ಏನು ನನ್ನ ಮೀಸೆ ಹೊಸೆಯಲಾ ಅಂದ. ಪುಂಡಿ ನಾರು ತಾ, ಕಣ್ಣಿ ಹೊಸೆದು ಕೊಡುತ್ತೇನೆ ಅಂದ. ಮತ್ತೆ ಸುರ್ ಅಂತ ಕುಡಿದ. ಉಂಡೀ ಏನವ್ವಾ ಅನ್ನಲಿಲ್ಲ.

ಗಮನಿಸಿದ್ರಾ? ಆ ಸೀಮೆಯಲ್ಲಿ ದಾರಿಯಲ್ಲಿ ಎದುರು ಬಂದವರಿಗೂ ಮೊದಲ ಮಾತು ಅದೇ. ಜಗಳ ಆಡಿದವರಿಗೂ ಮೊದಲ ಮಾತು ಅದೇ. ಊಟ ಆಯ್ತಾ, ಉಂಡೀ ಏನು. ಆ ಮಾತಿಗೆ ಕಾಸು ಬೇಡ, ಕವಡೆ ಬೇಡ. ಆವತ್ತು ಅದೂ ದುಬಾರಿಯಾಗಿತ್ತು ನೋಡ್ರಿ.

ಹುಲಿಗೆವ್ವ ಬೂದೆಪ್ಪನ ಮನೆಗೆ ಹೋದಳು. ಬೂದೆಪ್ಪನ ಅಟ್ಟದ ತುಂಬ ಹೋದ ವರ್ಷದ ಪುಂಡಿ ನಾರು. ಬೂದೆಪ್ಪ ಜೋಳದ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ.

“ಬೂದೆಪ್ಪ ಕಾಕಾ, ಬೂದೆಪ್ಪ ಕಾಕಾ, ಒಂದು ಹಿಡಿ ನಾರು ಕೊಡು.
ನೀ ನಾರು ಕೊಟ್ಟರ ಮಾರೆಪ್ಪ ಮಾವ ಕಣ್ಣಿ ಕೊಡ್ತಾನ.
ಕಣ್ಣಿ ಕೊಟ್ಟರ ಸೂಗಮ್ಮಕ್ಕ ತಂತಿ ಕೊಡ್ತಾಳ.
ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ಬೂದೆಪ್ಪ ಅಟ್ಟ ನೋಡಿದ. ನಾರು ಬೇಕಾದಷ್ಟಿತ್ತು. ಇದ್ದರೇನು, ಮನಸ್ಸಿರಬೇಕಲ್ಲ. ನನ್ನ ಕುಡುಗೋಲು ಮೊಂಡಾಗಿದೆ, ಹುಲ್ಲು ಕೊಯ್ಯಲಿಕ್ಕೆ ಬರುತ್ತಿಲ್ಲ ಅಂದ. ಹರಿತ ಮಾಡಿಸಿಕೊಂಡು ಬಾ, ನಾರು ಕೊಡುತ್ತೇನೆ ಅಂದ. ಖಾರಕ್ಕೆ ಉಸ್ ಉಸ್ ಅಂದ. ಉಂಡೀ ಏನವ್ವಾ ಅನ್ನಲಿಲ್ಲ.

ಹುಲಿಗೆವ್ವ ಮೊಂಡ ಕುಡುಗೋಲು ಹಿಡಿದು ಕಮ್ಮಾರ ಮೌನಪ್ಪನ ಕುಲುಮೆಗೆ ಹೋದಳು. ಬಿಸಿಲೇರಿತ್ತು. ಕುಲುಮೆ ಆರಿತ್ತು. ಮೌನಪ್ಪ ಒಗ್ಗರಣೆ ಮಂಡಕ್ಕಿ ಮುಕ್ಕುತ್ತಿದ್ದ.

“ಮೌನಪ್ಪಣ್ಣಾ, ಮೌನಪ್ಪಣ್ಣಾ, ಈ ಕುಡುಗೋಲು ಹರಿತ ಮಾಡು.
ನೀ ಕುಡುಗೋಲು ಕೊಟ್ಟರ ಬೂದೆಪ್ಪ ಕಾಕಾ ನಾರು ಕೊಡ್ತಾನ.
ನಾರು ಕೊಟ್ಟರ ಮಾರೆಪ್ಪ ಮಾವ ಕಣ್ಣಿ ಕೊಡ್ತಾನ.
ಕಣ್ಣಿ ಕೊಟ್ಟರ ಸೂಗಮ್ಮಕ್ಕ ತಂತಿ ಕೊಡ್ತಾಳ.
ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ಮೌನಪ್ಪ ಒಳ್ಳೆಯವನೇ. ಪಾಪ ಅಂದ. ಛೇ ಛೇ ಅಂದ. ಕೂಸು ಉಪವಾಸ ಇದೆಯಾ ಅಂತ ಕೇಳಿದ. ಕೇಳಿ ಇನ್ನೊಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ಇದ್ದಿಲೆಲ್ಲ ಮಳೆಗೆ ನೆನೆದಿದೆ, ಒಣ ಇದ್ದಿಲು ತಾ, ಕುಡುಗೋಲು ಕಾಯಿಸಿ ಬಡಿದು ಕೊಡುತ್ತೇನೆ ಅಂದ. ಅವನೂ ಉಂಡೀ ಏನವ್ವಾ ಅನ್ನಲಿಲ್ಲ.

ಹುಲಿಗೆವ್ವ ಇದ್ದಿಲು ಸುಡುವ ತಾಯಮ್ಮನ ಮನೆಗೆ ಹೋದಳು. ತಾಯಮ್ಮ ಹೊಸ್ತಿಲಲ್ಲಿ ಕೂತು ಹುರಿದ ಶೇಂಗಾ ಸುಲಿದು ತಿನ್ನುತ್ತಿದ್ದಳು.

“ತಾಯಮ್ಮ ಚಿಗವ್ವಾ, ತಾಯಮ್ಮ ಚಿಗವ್ವಾ, ಒಂದು ಬುಟ್ಟಿ ಇದ್ದಿಲು ಕೊಡು.
ನೀ ಇದ್ದಿಲು ಕೊಟ್ಟರ ಮೌನಪ್ಪಣ್ಣ ಕುಡುಗೋಲು ಕೊಡ್ತಾನ.
ಕುಡುಗೋಲು ಕೊಟ್ಟರ ಬೂದೆಪ್ಪ ಕಾಕಾ ನಾರು ಕೊಡ್ತಾನ.
ನಾರು ಕೊಟ್ಟರ ಮಾರೆಪ್ಪ ಮಾವ ಕಣ್ಣಿ ಕೊಡ್ತಾನ.
ಕಣ್ಣಿ ಕೊಟ್ಟರ ಸೂಗಮ್ಮಕ್ಕ ತಂತಿ ಕೊಡ್ತಾಳ.
ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ತಾಯಮ್ಮ ಸಿಪ್ಪೆ ಊದಿದಳು. ನಿನ್ನ ಮಗಳಿಗೆ ಮುದ್ದು ಜಾಸ್ತಿಯಾಯಿತು ಅಂದಳು. ಹಸಿದರೆ ತಾನೇ ಉಣ್ಣುತ್ತಾಳೆ ಅಂದಳು. ನನಗೆ ಮೀನು ತಿನ್ನುವ ಆಸೆಯಾಗಿದೆ, ಒಂದು ಬುಟ್ಟಿ ಮೀನು ತಾ, ಒಂದು ಬುಟ್ಟಿ ಇದ್ದಿಲು ಒಯ್ಯಿ ಅಂದಳು. ಉಂಡೀ ಏನವ್ವಾ ಅನ್ನಲಿಲ್ಲ. ಬರೀ ಸಿಪ್ಪೆ ಹಾರಿ ಹುಲಿಗೆವ್ವನ ಕಾಲ ಮೇಲೆ ಬಿತ್ತು.

ಹುಲಿಗೆವ್ವ ದಡಕ್ಕೆ ಹೋದಳು. ಅಲ್ಲಿ ಅಂಬಿಗರ ದುರುಗಪ್ಪ ತಾತ ಇದ್ದ. ಹರಿಗೋಲು ಬೋರಲು ಹಾಕಿಕೊಂಡು, ಅದರ ನೆರಳಲ್ಲಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದ. ಹುಲಿಗೆವ್ವನ ಗಂಟಲು ಒಣಗಿತ್ತು. ಆದರೂ ಹೇಳಿದಳು.

“ದುರುಗಪ್ಪ ತಾತಾ, ದುರುಗಪ್ಪ ತಾತಾ, ಒಂದು ಬುಟ್ಟಿ ಮೀನು ಕೊಡು.
ನೀ ಮೀನು ಕೊಟ್ಟರ ತಾಯಮ್ಮ ಚಿಗವ್ವ ಇದ್ದಿಲು ಕೊಡ್ತಾಳ.
ಇದ್ದಿಲು ಕೊಟ್ಟರ ಮೌನಪ್ಪಣ್ಣ ಕುಡುಗೋಲು ಕೊಡ್ತಾನ.
ಕುಡುಗೋಲು ಕೊಟ್ಟರ ಬೂದೆಪ್ಪ ಕಾಕಾ ನಾರು ಕೊಡ್ತಾನ.
ನಾರು ಕೊಟ್ಟರ ಮಾರೆಪ್ಪ ಮಾವ ಕಣ್ಣಿ ಕೊಡ್ತಾನ.
ಕಣ್ಣಿ ಕೊಟ್ಟರ ಸೂಗಮ್ಮಕ್ಕ ತಂತಿ ಕೊಡ್ತಾಳ.
ತಂತಿ ಕೊಟ್ಟರ ಕಂಬಕ್ಕ ಬೇರು ಬರ್ತಾವ.
ಬೇರು ಬಂದರ ನನ್ನ ದನಿ ಹೊಳಿ ದಾಟ್ತೈತಿ.
ದನಿ ದಾಟಿದರ ನನ್ನ ಸಣ್ಣಿ ಉಣ್ತಾಳ.”

ದುರುಗಪ್ಪ ತಾತ ಬೆರಳು ನೆಕ್ಕಿದ. ಹೊಳೆ ಕಡೆ ಗದ್ದ ಚಾಚಿದ. ದಾಟುವ ಮಾತು ಹಾಗಿರಲಿ, ದಡದ ಮಡುವಿಗೆ ಬಲೆ ಹಾಕಲಿಕ್ಕೂ ಧೈರ್ಯ ಇಲ್ಲ ಅಂದ. ಮೇಲೆ ಬಾಗಿಲು ತೆಗೆದರೆ ಬಲೆಯೂ ಹೋಯಿತು, ಹರಿಗೋಲೂ ಹೋಯಿತು, ನಾನೂ ಹೋದೆ ಅಂದ.

“ಹೊಳಿ ಸುದ್ದಿ ತಾ. ಮೀನು ಕೊಡ್ತೀನಿ,” ಅಂದ.

ಹುಲಿಗೆವ್ವ ದಡದ ಕಲ್ಲಿನ ಮೇಲೆ ಕೂತುಬಿಟ್ಟಳು. ನೋಡ್ರಿ ಎಂಥಾ ಗಂಟು! ಸುದ್ದಿ ಬೇಕಂದರೆ ಆಚೆ ದಡವನ್ನು ಕೇಳಬೇಕು. ಕೇಳಬೇಕಂದರೆ ದನಿ ದಾಟಬೇಕು. ದನಿ ದಾಟಬೇಕಂದರೆ ಬೇರು ಬೇಕು. ಬೇರು ಬೇಕಂದರೆ ತಂತಿ ಬೇಕು. ತಂತಿಗೆ ಕಣ್ಣಿ, ಕಣ್ಣಿಗೆ ನಾರು, ನಾರಿಗೆ ಕುಡುಗೋಲು, ಕುಡುಗೋಲಿಗೆ ಇದ್ದಿಲು, ಇದ್ದಿಲಿಗೆ ಮೀನು, ಮೀನಿಗೆ ಸುದ್ದಿ. ಗಾಣದೆತ್ತು ಸುತ್ತಿದ ಹಾಗೆ ಸುತ್ತಿ ಅಲ್ಲಿಗೇ ಬಂದು ನಿಂತಳು. ಹೊತ್ತು ಪಡುವಣಕ್ಕೆ ವಾಲಿತು. ಅವಳಿಗೆ ಅಳು ಬಂತು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ದುರುಗಪ್ಪ ತಾತ ಆ ಕಡೆ ತಿರುಗಿ ಅನ್ನ ಉಂಡ.

ಮಕ್ಕಳಾ, ನಿಮಗೆ ನೆನಪಿದೆಯಾ? ನಿನ್ನೆ ಸಂಜೆ ಅಮರಪ್ಪ ಏನಂದಿದ್ದ? ಹಾಂ. ನಿಮಗೆ ನೆನಪಿದೆ. ಹುಲಿಗೆವ್ವನಿಗೆ ಮಗಳ ಹಸಿವಿನ ಚಿಂತೆಯಲ್ಲಿ ಮರೆತೇ ಹೋಗಿತ್ತು. ಈಗ ಥಟ್ಟನೆ ನೆನಪಾಯಿತು. ಬಾಗಿಲು ಮುಚ್ಚಿದ್ದಾರೆ! ಕಂಬ ಹೇಳದಿದ್ದರೇನು, ಕೇಳಿಸಿತ್ತಲ್ಲ! ಸುದ್ದಿ ಅವಳ ಹತ್ತಿರವೇ ಇತ್ತು. ನಿನ್ನೆ ಸಂಜೆಯಿಂದ ಇತ್ತು. ಕಂಬ ಸತ್ತಿದೆ ಅಂದುಕೊಂಡು ಒಬ್ಬರೂ ಕೇಳಲಿಲ್ಲ.

ಹೇಳಲು ಬಾಯಿ ತೆರೆದಳು. ಬಾಯಿ ಮುಚ್ಚಿದಳು. ದಿನಾ ಈ ತಾತನಿಗೆ ಸುದ್ದಿ ಪುಕ್ಕಟೆ ಹೇಳಿದವಳು ಅವಳು. ದಿನಾ ಈ ತಾತ ಅವಳ ಬಾಗಿಲಲ್ಲಿ ನಿಂತು ಕೇಳಿದವನು. ಆವತ್ತು ಊರಿನ ವ್ಯಾಪಾರ ಅವಳೂ ಕಲಿತಳು.

“ಸುಮ್ಮನ ಹೇಳಂಗಿಲ್ಲ ತಾತಾ,” ಅಂದಳು. “ಸುದ್ದಿ ಹೇಳಿದ ಮ್ಯಾಲ ಬುಟ್ಟಿ ತುಂಬ ಮೀನು ಕೊಡಬೇಕು. ಹೊಳಿ ಮುಟ್ಟಿ ಆಣಿ ಮಾಡು.”

ಆ ಮಾತು ಅವಳ ನಾಲಿಗೆಗೇ ಬೇವಿನೆಲೆಯ ಹಾಗೆ ಕಹಿಯಾಯಿತು. ತಾತ ಅವಳ ಮುಖ ನೋಡಿದ. ನೀರು ಮುಟ್ಟಿ ಆಣೆ ಮಾಡಿದ. ಹುಲಿಗೆವ್ವ ಸುದ್ದಿ ಹೇಳಿದಳು.

ದುರುಗಪ್ಪ ಬಲೆ ಹಾಕಿದ. ಬಲೆ ಎಳೆದ. ಬುಟ್ಟಿ ತುಂಬಿತು. ಹುಲಿಗೆವ್ವ ಬುಟ್ಟಿ ಹೊತ್ತು ಓಡಿದಳು.

ಸುದ್ದಿ ಕೊಟ್ಟು ಮೀನು ತಂದಳು.

ಮೀನು ಕೊಟ್ಟು ಇದ್ದಿಲು ತಂದಳು. ತಾಯಮ್ಮ ಬುಟ್ಟಿಗೆ ಬುಟ್ಟಿ ಅಳೆದು ಕೊಟ್ಟಳು. ಒಂದು ಚೂರು ಹೆಚ್ಚಿಲ್ಲ.

ಇದ್ದಿಲು ಕೊಟ್ಟು ಕುಡುಗೋಲು ತಂದಳು. ಮೌನಪ್ಪನಿಗೆ ತಿದಿ ಒತ್ತುವವರು ಇರಲಿಲ್ಲ. ಹಸಿದ ಹೊಟ್ಟೆಯಲ್ಲಿ ಹುಲಿಗೆವ್ವನೇ ಒತ್ತಿದಳು. ಬುಸ್, ಬುಸ್, ಬುಸ್. ಬೆಂಕಿ ಎದ್ದಿತು. ಮೌನಪ್ಪ ಬಡಿದ. ಪಾಪ ಅಂತ ಇನ್ನೊಂದು ಸಲ ಅಂದ.

ಕುಡುಗೋಲು ಕೊಟ್ಟು ನಾರು ತಂದಳು. ಬೂದೆಪ್ಪ ಬೆರಳಿನಿಂದ ಅಲಗು ಸವರಿ ನೋಡಿದ. ಆಮೇಲೆ ಒಂದು ಹಿಡಿ ನಾರು ಎಸೆದ.

ನಾರು ಕೊಟ್ಟು ಕಣ್ಣಿ ತಂದಳು. ಮಾರೆಪ್ಪ ಒಂದು ತುದಿ ಅವಳ ಕೈಗೆ ಕೊಟ್ಟ. ಹಿಂದೆ ಹಿಂದೆ ನಡಿ ಅಂದ. ಅವಳು ಹಿಂದೆ ಹಿಂದೆ ನಡೆದಳು. ಅವನು ಹೊಸೆದ, ಹೊಸೆದ, ಹೊಸೆದ. ಅವಳಿಗೆ ಕಣ್ಣು ಕತ್ತಲೆ ಬಂತು. ಆದರೂ ತುದಿ ಬಿಡಲಿಲ್ಲ.

ಕಣ್ಣಿ ಕೊಟ್ಟು ತಂತಿ ತಂದಳು. ಕರುವಿನ ಕೊರಳು ತಂತಿಗೆ ತರಚಿ ಕೆಂಪಾಗಿತ್ತು. ಹುಲಿಗೆವ್ವ ತಂತಿ ಬಿಚ್ಚಿದಳು, ಮೆತ್ತನೆಯ ಕಣ್ಣಿ ಹಾಕಿದಳು, ಕೊರಳು ಸವರಿದಳು. ಕರು ಅವಳ ಕೈ ನೆಕ್ಕಿತು. ಇಡೀ ಊರಲ್ಲಿ ಆವತ್ತು ಅವಳನ್ನು ಮಾತಾಡಿಸಿದ್ದು ಅದೊಂದೇ.

ಹೊತ್ತು ಮುಳುಗುತ್ತಿತ್ತು. ಹುಲಿಗೆವ್ವ ಹಿತ್ತಲಿಗೆ ಓಡಿದಳು. ಹೊಸೆದ ತಂತಿ ಬಿಡಿಸಿದಳು. ಒಂದಿದ್ದದ್ದು ನಾಲ್ಕಾಯಿತು. ನಾಲ್ಕೂ ತುದಿ ಚಾಕುವಿನಿಂದ ಕೆರೆದು ಹೊಳಪು ಮಾಡಿದಳು. ಕಂಬದ ಬುಡಕ್ಕೆ ಬಿಗಿದಳು. ಒಂದು ಮೂಡಣಕ್ಕೆ ಎಳೆದಳು. ಒಂದು ಪಡುವಣಕ್ಕೆ ಎಳೆದಳು. ಒಂದು ತೆಂಕಣಕ್ಕೆ ಎಳೆದಳು. ಒಂದು ಬಡಗಣಕ್ಕೆ ಎಳೆದಳು. ಈ ಸಲ ಮೊಳದುದ್ದ ಆಳ ತೋಡಿದಳು. ಮಣ್ಣು ಮುಚ್ಚಿದಳು. ಮೇಲೆ ಕಲ್ಲು ಹೇರಿದಳು. ಹೊಳೆಗೂ ಸಿಗಬಾರದು, ಊರಿಗೂ ಸಿಗಬಾರದು.

ದೀಪ ಹಚ್ಚುವ ಹೊತ್ತಾಯಿತು. ಪೆಟ್ಟಿಗೆ ಗೊರ್ ಅಂತು.

“ಅವ್ವಾ, ಕೇಳ್ತೈತೇನು? ಓವರ್.”

ಸಣ್ಣಿಯ ದನಿ ಸಣ್ಣಗಾಗಿತ್ತು. ಹುಲಿಗೆವ್ವ ಪೆಟ್ಟಿಗೆ ಹತ್ತಿರಕ್ಕೆ ಎಳೆದುಕೊಂಡಳು. ಗುಂಡಿ ಒತ್ತಿದಳು.

“ಕೇಳ್ತೈತಿ ಮಗಳ. ಓವರ್.”

ಆಚೆ ಸಣ್ಣಿ ಕಿರುಚಿದ್ದು ಗಡ್ಡೆಗೆಲ್ಲ ಕೇಳಿತು. ಅವ್ವ ಬಂದಳು, ಮಾವಾ, ಅವ್ವ ಬಂದಳು! ಓವರ್ ಅನ್ನುವುದನ್ನೂ ಮರೆತಳು.

ಅಷ್ಟು ಹೊತ್ತಿಗೆ ಊರು ಬಂತು. ಬರದೆ ಇರುತ್ತದಾ! ದಿನದ ಹಾಗೆ ಬಾಗಿಲಲ್ಲಿ ಬಂದು ನಿಂತಿತು. ಸೂಗಮ್ಮ ನಿಂತಳು, ಮಾರೆಪ್ಪ ನಿಂತ, ಬೂದೆಪ್ಪ ನಿಂತ, ಮೌನಪ್ಪ ನಿಂತ, ತಾಯಮ್ಮ ನಿಂತಳು, ದುರುಗಪ್ಪ ತಾತ ನಿಂತ. ತಾಯಮ್ಮನ ಕೈ ಇನ್ನೂ ಮೀನು ನಾರುತ್ತಿತ್ತು. ಎಲ್ಲರದೂ ಹೊಟ್ಟೆ ತುಂಬಿತ್ತು.

ನಿನ್ನೆ ಯಾಕೆ ಮಾತಾಡಲಿಲ್ಲ ಅಂತ ಸಣ್ಣಿ ಕೇಳಿದಳು. ಕಂಬದ ಬೇರು ಹೋಗಿತ್ತು ಮಗಳ ಅಂದಳು ಹುಲಿಗೆವ್ವ. ಮತ್ತೆ ಯಾರು ಕೊಟ್ಟರು ಅಂತ ಕೇಳಿದಳು. ಹುಲಿಗೆವ್ವ ಬಾಗಿಲ ಕಡೆ ನೋಡಿದಳು. ಸೂಗಮ್ಮ ನೆಲ ನೋಡಿದಳು. ಮಾರೆಪ್ಪ ಸೂರು ನೋಡಿದ.

“ಎಲ್ಲಾರೂ ಕೊಟ್ಟರು,” ಅಂದಳು ಹುಲಿಗೆವ್ವ. “ಓವರ್.”

ಸುಳ್ಳಲ್ಲ. ಎಲ್ಲರೂ ಕೊಟ್ಟರು. ಕೂಸು ಹಸಿದಿದೆ ಅಂತ ಒಬ್ಬರೂ ಕೊಡಲಿಲ್ಲ.

ಆಚೆ ತಾಟು ಎಳೆದ ಸಪ್ಪಳ ಕೇಳಿತು. ಅಮರಪ್ಪ ರೊಟ್ಟಿ ಮುರಿದು ಕೊಟ್ಟ. ಸಣ್ಣಿ ತುತ್ತು ಬಾಯಿಯ ತನಕ ಒಯ್ದಳು. ಒಯ್ದು ನಿಲ್ಲಿಸಿದಳು.

“ಅವ್ವಾ, ನೀ ಉಂಡೀ ಏನು? ಓವರ್.”

ಪೆಟ್ಟಿಗೆಯ ದನಿ ದೊಡ್ಡದು. ಬಾಗಿಲಲ್ಲಿ ನಿಂತವರಿಗೆಲ್ಲ ಕೇಳಿತು. ಬೆಳಗಿನಿಂದ ಊರ ತುಂಬ ತಿರುಗಿದರೂ ಸಿಗದ ಮಾತು ಅದು. ಹೊಳೆ ದಾಟಿ ಬಂತು. ಹುಲಿಗೆವ್ವನ ಕಣ್ಣಲ್ಲಿ ನೀರು ಇಳಿಯಿತು.

ಗುಂಡಿ ಒತ್ತಿದಳು.

“ನೀ ಉಣ್ಣು ಮಗಳ. ನೀ ಉಂಡರ ನಾ ಉಂಡಂಗ. ಓವರ್.”

ಸಣ್ಣಿ ಗುಂಡಿ ಒತ್ತಿಕೊಂಡೇ ಉಂಡಳು. ಕಚ ಕಚ ಅಂತ ಅಗಿಯುವುದು ಪೆಟ್ಟಿಗೆಯಲ್ಲಿ ಕೇಳಿತು. ಹುಲಿಗೆವ್ವ ಕಿವಿಯಿಟ್ಟು ಕೇಳಿದಳು. ಒಂದೊಂದು ತುತ್ತನ್ನೂ ಕೇಳಿದಳು.

ಬಾಗಿಲಲ್ಲಿ ದುರುಗಪ್ಪ ತಾತ ಕೆಮ್ಮಿದ. ಏನಾದರೂ ಹೇಳುತ್ತಾನೆ ಅಂದುಕೊಂಡ್ರಾ? ಹೇಳಿದ. ನಾಳೆಯ ಹೊಳೆ ಸುದ್ದಿ ಏನಂತೆ, ಸ್ವಲ್ಪ ಕೇಳು ಅಂದ.

ಹುಲಿಗೆವ್ವ ಕೇಳಿದಳು. ಅಮರಪ್ಪ ಹೇಳಿದ. ಹುಲಿಗೆವ್ವ ಊರಿಗೆ ಹೇಳಿದಳು. ಬಾಗಿಲು ಇನ್ನೂ ಮುಚ್ಚಿದೆ, ಹೊಳೆ ಇನ್ನೂ ಇಳಿಯುತ್ತದೆ ಅಂದಳು. ಮೀನು ಕೇಳಲಿಲ್ಲ, ಇದ್ದಿಲು ಕೇಳಲಿಲ್ಲ, ನಾರು ಕೇಳಲಿಲ್ಲ. ಸುಮ್ಮನೆ ಹೇಳಿದಳು, ದಿನದ ಹಾಗೆ.

ಊರು ಸೆರಗು ಝಾಡಿಸಿಕೊಂಡು ಮನೆಗೆ ಹೋಯಿತು. ಹುಲಿಗೆವ್ವ ಬುಟ್ಟಿ ತೆಗೆದಳು. ನಿನ್ನೆಯ ರೊಟ್ಟಿ ಒಣಗಿ ಕಟಕಲಾಗಿತ್ತು. ನೀರಲ್ಲಿ ಅದ್ದಿಕೊಂಡು ಒಬ್ಬಳೇ ತಿಂದಳು.

ಅಲ್ಲಿಗೆ ಅವಳ ದನಿ ಆಚೆ ದಡ ಸೇರಿತು, ನನ್ನ ಕತೆ ನಿಮ್ಮ ಹಾಸಿಗೆ ಸೇರಿತು. ಏಳ್ರಿ, ಮಲಗ್ರಿ.

ಏನು, ಸೂಗಮ್ಮನಿಗೆ ಬೈಯುತ್ತೀರಾ? ತಾಯಮ್ಮನಿಗೆ ಹೊಡೆಯುತ್ತೀರಾ? ಹೊಡೀರಿ, ಹೊಡೀರಿ. ನೀವೆಲ್ಲ ಉಂಡಿದ್ದೀರಿ, ನನಗೆ ಗೊತ್ತು. ನಾನೇ ಬಡಿಸಿದ್ದು. ಒಬ್ಬ ಎರಡು ಸಲ ಪಲ್ಯ ಹಾಕಿಸಿಕೊಂಡ. ಒಬ್ಬಳು ಅರ್ಧ ರೊಟ್ಟಿ ಬಿಟ್ಟಳು. ಇಷ್ಟು ಹೊತ್ತು ಕತೆ ಹೇಳಿದೆ. ಅಜ್ಜೀ, ನೀ ಉಂಡೀ ಏನು ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ರಾ?